ನಮ್ಮ ಮನೆ ಹೋಂಸ್ಟೇ ಆಗುವ ಮೊದಲು

ಬಣಕಲ್ ಪೇಟೆಯಿಂದ ಕೊಟ್ಟಿಗೆಹಾರದವರೆಗೆ ರಸ್ತೆ ಬದಿಯ ಬೋರ್ಡುಗಳನ್ನು ಓದುತ್ತಾ ಹೋದರೆ ನಮ್ಮ ಊರು ಈಗ ಏನನ್ನು ನಂಬಿ ಬದುಕಲು ಹೊರಟಿದೆ ಎಂಬುದು ಗೊತ್ತಾಗುತ್ತದೆ. ಕಾಫಿ, ಕಾಳುಮೆಣಸು ಕೊಳ್ಳುವವರ ಬೋರ್ಡುಗಳ ಪಕ್ಕದಲ್ಲೇ ಈಗ ಹೋಂಸ್ಟೇ ಬೋರ್ಡುಗಳಿವೆ. ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ದೇವರಮನೆಗೆ, ಎತ್ತಿನಭುಜಕ್ಕೆ, ಬಲ್ಲಾಳರಾಯನದುರ್ಗಕ್ಕೆ, ಚಾರ್ಮಾಡಿ ಘಾಟಿಗೆ ಸಾಲುಗಟ್ಟುತ್ತವೆ. ಬಂದವರು ಎಲ್ಲಿಯಾದರೂ ಉಳಿಯಬೇಕು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಒಂದೆರಡು ಕೋಣೆ ಖಾಲಿ ಇವೆ. ಹಾಗಾಗಿ ನಮ್ಮ ತರಗತಿಯಲ್ಲೇ ಎಷ್ಟೋ ಜನರ ಮನೆಯಲ್ಲಿ ‘ನಾವೂ ಒಂದು ಹೋಂಸ್ಟೇ ಮಾಡಿದರೆ ಹೇಗೆ’ ಎಂಬ ಮಾತು ನಡೆಯುತ್ತಿದೆ. ನಮ್ಮ ಮನೆಯಲ್ಲೂ ನಡೆಯಿತು. ಆ ಮಾತು ಎಲ್ಲೆಲ್ಲಿಗೆ ಹೋಯಿತು ಎಂಬುದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಈ ಮಾತು ಬಂದಾಗ ಉಪಯೋಗವಾಗಬಹುದು.

ನಮ್ಮ ಉಪ್ಪನಿಗೆ ಪೇಟೆಯಲ್ಲಿ ಒಂದು ಸಣ್ಣ ದಿನಸಿ ಅಂಗಡಿ. ಮನೆಯ ಹಿಂದೆ ಒಂದೂವರೆ ಎಕರೆ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಒಂದು ವರ್ಷ ಬೆಲೆ ಇದ್ದರೆ ಬೆಳೆ ಇರುವುದಿಲ್ಲ, ಇನ್ನೊಂದು ವರ್ಷ ಬೆಳೆ ಇದ್ದರೆ ಮಳೆ ಬಿಡುವುದಿಲ್ಲ. ಇಬ್ಬರು ಅಕ್ಕಂದಿರ ಮದುವೆಯಾದ ಮೇಲೆ ಮನೆಯಲ್ಲಿ ಎರಡು ಕೋಣೆ ಖಾಲಿಯಾದವು. ಅಣ್ಣ ಲೆಕ್ಕ ಹಾಕಿದ. ಒಂದು ಕೋಣೆಗೆ ರಾತ್ರಿಗೆ ಒಂದೂವರೆ ಸಾವಿರ, ತಿಂಗಳಿಗೆ ನಾಲ್ಕು ವಾರಾಂತ್ಯ. ನನ್ನ ಮುಂದಿನ ಓದಿನ ಫೀಸು ಅದರಲ್ಲೇ ಹುಟ್ಟುತ್ತದೆ ಎಂದು ಹೇಳಿದ. ಲೆಕ್ಕ ಸರಿಯಾಗಿಯೇ ಇತ್ತು. ವಾಣಿಜ್ಯ ವಿಭಾಗದಲ್ಲಿ ಓದುತ್ತೇನೆ ಎಂಬ ಕಾರಣಕ್ಕೆ ಕಾಗದಪತ್ರದ ಕೆಲಸ ನನ್ನ ತಲೆಗೆ ಬಂತು. “ಏನೇನು ಬೇಕು ಅಂತ ನೀನೇ ಓದಿ ಹೇಳು” ಎಂದರು ಉಪ್ಪ. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆ. ಇಲ್ಲಿ ಎಲ್ಲರಿಗೂ ಅರ್ಥವಾಗಲೆಂದು ಕನ್ನಡದಲ್ಲೇ ಬರೆದಿದ್ದೇನೆ.

ಓದಲು ಕುಳಿತಾಗ ಮೊದಲು ತಿಳಿದ ಸಂಗತಿ: ಹೋಂಸ್ಟೇ ಎಂಬುದು ಬರೀ ಬೋರ್ಡಿನ ಹೆಸರಲ್ಲ, ಅದಕ್ಕೊಂದು ಅರ್ಥ ಇದೆ. ಮನೆಯವರು ವಾಸವಿರುವ ಮನೆಯಲ್ಲೇ ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಡುವುದು ಹೋಂಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಕೋಣೆಗಳು ಒಂದರಿಂದ ಆರು, ಹಾಸಿಗೆಗಳು ಹೆಚ್ಚೆಂದರೆ 12. ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ಸೌಲಭ್ಯ ನೋಡಿ ಚಿನ್ನ, ಬೆಳ್ಳಿ ಎಂದು ಎರಡು ದರ್ಜೆ ಕೊಡುತ್ತಾರೆ. ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆಯ ನಿಯಮಗಳಲ್ಲೂ ಮಾಲೀಕರು ಅಲ್ಲೇ ಇರಬೇಕು ಎಂಬುದೇ ಮುಖ್ಯ ಮಾತು. ಇಪ್ಪತ್ತು ಕೋಣೆ ಕಟ್ಟಿ, ಮ್ಯಾನೇಜರ್ ಇಟ್ಟು, ಮಾಲೀಕರು ಬೆಂಗಳೂರಿನಲ್ಲಿ ಇದ್ದರೆ ಅದು ಲಾಡ್ಜ್ ಅಥವಾ ರೆಸಾರ್ಟ್. ಅದಕ್ಕೆ ಬೇರೆ ಪರವಾನಗಿ, ಬೇರೆ ತೆರಿಗೆ.

ನಾನು ಬರೆದುಕೊಂಡ ಪಟ್ಟಿ ಹೀಗಿತ್ತು. ಮನೆ ಯಾರ ಹೆಸರಿನಲ್ಲಿದೆ ಎಂಬುದಕ್ಕೆ ಪಂಚಾಯಿತಿಯ ದಾಖಲೆ. ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರ. ಪೊಲೀಸರ ಪರಿಶೀಲನೆ. ಇವನ್ನೆಲ್ಲ ಇಟ್ಟು ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ, ಆಮೇಲೆ ಅವರು ಬಂದು ಮನೆ ನೋಡುವುದು. ಊಟ ಕೊಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ. ಬಿಸ್ಕತ್ ಪೊಟ್ಟಣದ ಮೇಲೆ ನಾವು ನೋಡುವ 14 ಅಂಕಿಯ ಸಂಖ್ಯೆ ಅದೇ. ಅತಿಥಿಗಳ ಅಡುಗೆಗೆ ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಬಳಸುವಂತಿಲ್ಲ, ವಾಣಿಜ್ಯ ಬಳಕೆಯ 19 ಕೆ.ಜಿ. ಸಿಲಿಂಡರ್ ತರಬೇಕು. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿ, ಬಂದ ಮತ್ತು ಹೋದ ಸಮಯ ಬರೆಯುವ ಪುಸ್ತಕ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ವರದಿ. ಎಷ್ಟೋ ವರ್ಷಗಳಿಂದ ಇದನ್ನು ‘ಸಿ ಫಾರಂ’ ಎಂದೇ ಕರೆಯುತ್ತಾರೆ.

ಪಟ್ಟಿ ನೋಡಿ ಅಣ್ಣ ನಕ್ಕ. “ಇಷ್ಟೆಲ್ಲ ಯಾರು ಮಾಡ್ತಾರೆ? ಒಂದು ಬೋರ್ಡು, ಮೊಬೈಲಲ್ಲಿ ನಾಲ್ಕು ಫೋಟೋ ಸಾಕು. ಎಷ್ಟೋ ಜನ ಹಾಗೇ ನಡೆಸ್ತಿದ್ದಾರೆ” ಎಂದ. ಅವನು ಹೇಳಿದ್ದು ಸುಳ್ಳಲ್ಲ. ನೋಂದಣಿ ಇಲ್ಲದೆ ನಡೆಯುವ ಮನೆಗಳು ನಮ್ಮ ಸುತ್ತಮುತ್ತ ಇವೆ, ಎಲ್ಲರಿಗೂ ಗೊತ್ತಿದೆ. ಉಪ್ಪ ತಕ್ಷಣ ಏನೂ ಹೇಳಲಿಲ್ಲ. ಅಂಗಡಿಯಲ್ಲಿ ತೂಕದ ಕಲ್ಲಿಗೆ ವರ್ಷ ವರ್ಷ ಮುದ್ರೆ ಹಾಕಿಸಿಕೊಂಡು ಬರುವವರು ಅವರು. ಸ್ವಲ್ಪ ಹೊತ್ತು ಬಿಟ್ಟು, “ಮುದ್ರೆ ಇರೋದು ಇನ್‌ಸ್ಪೆಕ್ಟರಿಗಲ್ಲ, ಸಾಮಾನು ತಗೊಳ್ಳೋರಿಗೆ” ಎಂದರು. ಆಮೇಲೆ ಪಟ್ಟಿಯ ಒಂದೊಂದು ಸಾಲನ್ನೂ ನಾನು ಈ ಮಾತಿನ ಬೆಳಕಿನಲ್ಲೇ ನೋಡಿದೆ: ಇದು ಕಚೇರಿಗೋ, ಬಂದು ಮಲಗುವವರಿಗೋ?

ಮೊದಲ ಉದಾಹರಣೆ ನಮ್ಮ ಬಚ್ಚಲುಮನೆಯಲ್ಲೇ ಸಿಕ್ಕಿತು. ಮಲೆನಾಡಿನ ಹಳೆಯ ಬಚ್ಚಲು ನಿಮಗೆ ಗೊತ್ತು. ಒಲೆಯ ಮೇಲೆ ಹಂಡೆ, ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತದೆ, ಗೋಡೆಯ ಮೇಲ್ಭಾಗ ತೆರೆದೇ ಇರುತ್ತದೆ. ಚಳಿ ಎಂದು ನಾವು ಬೈಯುತ್ತಿದ್ದೆವು. ಈಗ ಪ್ರವಾಸಿಗರಿಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬೇಕು. ಕರೆಂಟು ಹೋಗುವ ಊರಾದ್ದರಿಂದ ಹೆಚ್ಚಿನವರು ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಜೊತೆಗೆ ಟೈಲ್ಸ್, ಗಾಳಿ ಆಡದ ಬಾಗಿಲು, ಮುಚ್ಚಿದ ಕಿಟಕಿ. ನಮ್ಮಲ್ಲೂ ಫಿಟ್ಟಿಂಗ್ ಮಾಡಲು ಬಂದವರು ಗೀಸರನ್ನು ಬಚ್ಚಲಿನ ಒಳಗೇ, ಬಾಗಿಲ ಮೇಲೆ ಕೂರಿಸಿ ಹೋಗಿದ್ದರು. ವಿಜ್ಞಾನ ವಿಭಾಗದ ಗೆಳತಿ ನೋಡಿ ಗಾಬರಿಯಾದಳು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಪೂರ್ತಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುತ್ತಿದ್ದವರಿಗೆ ತಲೆ ತಿರುಗುತ್ತದೆ, ಕುಸಿದು ಬೀಳುತ್ತಾರೆ, ಕೂಗಲೂ ಆಗುವುದಿಲ್ಲ. ಬಚ್ಚಲಿನ ಬಾಗಿಲು ಒಳಗಿನಿಂದ ಹಾಕಿರುತ್ತದೆ. ಕರ್ನಾಟಕದಲ್ಲಿ ಹೀಗೆ ಸತ್ತವರ ಸುದ್ದಿಯನ್ನು ಪ್ರತಿ ಚಳಿಗಾಲ, ಮಳೆಗಾಲ ಪತ್ರಿಕೆಗಳಲ್ಲಿ ಓದುತ್ತೇವೆ.

ಮರುದಿನವೇ ಉಪ್ಪ ಗೀಸರನ್ನೂ ಸಿಲಿಂಡರನ್ನೂ ಹೊರಗಿನ ಗೋಡೆಗೆ ಹಾಕಿಸಿದರು. ಬರೀ ನೀರಿನ ಪೈಪು ಒಳಗೆ ಬರುತ್ತದೆ. ಬಚ್ಚಲಿನ ಮೇಲ್ಗಡೆ ಮುಚ್ಚಲಾಗದ ಒಂದು ಗವಾಕ್ಷಿ ಬಿಡಿಸಿದರು. ಖರ್ಚು ದೊಡ್ಡದೇನೂ ಆಗಲಿಲ್ಲ. ತಪಾಸಣೆಗೆ ಯಾರೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ನಡೆಸುವ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ನೋಂದಣಿಯ ಅರ್ಜಿ ಹಾಕುವವರು ಕೊನೇ ಪಕ್ಷ ಒಮ್ಮೆ ತಮ್ಮ ಮನೆಯನ್ನು ಹೊರಗಿನವರ ಕಣ್ಣಿನಿಂದ ನೋಡಲೇಬೇಕಾಗುತ್ತದೆ.

ಎರಡನೆಯದು ಮನೆಯ ಹಿಂದಿನ ಧರೆ. ಕಾರು ನಿಲ್ಲಿಸಲು ಜಾಗ ಬೇಕು, ಜೆಸಿಬಿ ತಂದು ಧರೆ ಕಡಿಸೋಣ ಎಂಬುದು ಅಣ್ಣನ ಯೋಚನೆ. ಇದಕ್ಕೆ ಉಮ್ಮ ಒಪ್ಪಲಿಲ್ಲ. 2019ರ ಆಗಸ್ಟ್ ತಿಂಗಳ ಮಳೆ ನಮ್ಮ ಭಾಗದವರಿಗೆ ಮರೆಯುವಂಥದ್ದಲ್ಲ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆಯಿತು. ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಜನ ಮನೆ, ತೋಟ ಕಳೆದುಕೊಂಡರು. ಹೊರಗಿನಿಂದ ಬಂದ ಅತಿಥಿಗೆ ಯಾವ ಧರೆ ಗಟ್ಟಿ, ಯಾವುದು ಸಡಿಲ ಎಂದು ಗೊತ್ತಿರುವುದಿಲ್ಲ. ಕಿಟಕಿಯಿಂದ ಹಸಿರು ಕಂಡರೆ ಅವರಿಗೆ ಸಂತೋಷ. ಅದರ ಹಿಂದಿನ ಅಪಾಯ ಗೊತ್ತಿರುವುದು ನಮಗೆ ಮಾತ್ರ. ಹಾಗಾಗಿ ಧರೆ ಮುಟ್ಟುವುದು ಬೇಡ, ಅಂಗಳದಲ್ಲಿ ಎರಡು ಕಾರು ನಿಂತರೆ ಸಾಕು, ಜೋರು ಮಳೆಯ ವಾರಗಳಲ್ಲಿ ಯಾರಿಗೂ ಕೋಣೆ ಕೊಡುವುದು ಬೇಡ ಎಂದು ತೀರ್ಮಾನವಾಯಿತು.

ಮೂರನೆಯದು ಅತಿಥಿಗಳ ಪುಸ್ತಕ. ಗುರುತಿನ ಚೀಟಿ ಕೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ, ವ್ಯಾಪಾರ ಹೋಗುತ್ತದೆ ಎಂಬ ಭಯ ಅಣ್ಣನಿಗೆ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರ ಕೆರೆಯ ಬಳಿ ರಾತ್ರಿ ನಡೆದದ್ದನ್ನು ನಾನು ನೆನಪಿಸಿದೆ. ಅಲ್ಲಿ ಪ್ರವಾಸಿಗರ ಮೇಲೂ ಅವರ ಜೊತೆಗಿದ್ದ ಹೋಂಸ್ಟೇ ನಡೆಸುವ ಮಹಿಳೆಯ ಮೇಲೂ ದಾಳಿ ನಡೆಯಿತು. ಕಾಲುವೆಗೆ ತಳ್ಳಿದ್ದರಿಂದ ಒಬ್ಬರು ಜೀವ ಕಳೆದುಕೊಂಡರು. ಆ ಮೇಲೆ ನಿರ್ಜನ ಜಾಗಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಗ್ಗೆ ಹೋಂಸ್ಟೇ, ರೆಸಾರ್ಟ್‌ಗಳಿಗೆ ಸರ್ಕಾರ ಕಟ್ಟುನಿಟ್ಟಿನ ಸೂಚನೆ ಕೊಟ್ಟಿತು. ಯಾರು ಬಂದರು, ಎಲ್ಲಿಗೆ ಹೋದರು, ಎಷ್ಟು ಹೊತ್ತಿಗೆ ಬರಬೇಕಿತ್ತು ಎಂಬುದು ಒಂದು ಪುಸ್ತಕದಲ್ಲಿ ಇದ್ದರೆ ಹುಡುಕುವವರಿಗೆ ದಾರಿ ಇರುತ್ತದೆ. ದೇವರಮನೆಯ ಮಂಜಿನಲ್ಲಿ ದಾರಿ ತಪ್ಪುವುದು ಎಷ್ಟು ಸುಲಭ ಎಂದು ನಮಗೆ ಗೊತ್ತೇ ಇದೆ.

ಪುಸ್ತಕ ಇಡುವವರಿಗೂ ಒಂದು ಹೊಣೆ ಇದೆ. ಅತಿಥಿಗಳ ಆಧಾರ್ ಪ್ರತಿಯನ್ನು ಯಾರ ಕೈಗೋ ಸಿಗುವಂತೆ ಮೇಜಿನ ಮೇಲೆ ಬಿಸಾಡಬಾರದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದನ್ನೇ ಕೇಳಿದರೆ ಸಾಕು. ಕ್ಯಾಮೆರಾ ಹಾಕುವುದಾದರೆ ಗೇಟಿಗೆ, ಅಂಗಳಕ್ಕೆ ಮಾತ್ರ. ಅದು ಅಲ್ಲಿದೆ ಎಂದು ಬಂದವರಿಗೆ ಮೊದಲೇ ಹೇಳಬೇಕು.

ಇನ್ನು ನಮಗೆ ಬಂದ ದೊಡ್ಡ ಪರೀಕ್ಷೆ. ನಾವು ಕಾಗದ ಓಡಾಡಿಸುತ್ತಿರುವುದು ಗೊತ್ತಾಗಿ ಹೊರಗಿನ ಒಬ್ಬ ವ್ಯಾಪಾರಿ ಮನೆಗೆ ಬಂದರು. “ನೀವು ಯಾಕೆ ಕಷ್ಟ ಪಡ್ತೀರಿ? ಮನೆ ಐದು ವರ್ಷಕ್ಕೆ ನಮಗೆ ಬಿಟ್ಟುಕೊಡಿ. ನೋಂದಣಿ ನಿಮ್ಮ ಹೆಸರಲ್ಲೇ ಇರಲಿ. ನೀವು ಪೇಟೆಯಲ್ಲಿ ಬಾಡಿಗೆ ಮನೆ ಮಾಡಿ. ತಿಂಗಳ ತಿಂಗಳ ದುಡ್ಡು ಕೈಗೆ ಬರುತ್ತೆ” ಎಂದರು. ಅವರು ಹೇಳಿದ ಮೊತ್ತ ಅಂಗಡಿಯ ತಿಂಗಳ ಲಾಭಕ್ಕಿಂತ ಹೆಚ್ಚು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಬೇಗ ಮಲಗಲಿಲ್ಲ. ನನ್ನ ಓದು, ಅಂಗಡಿಯ ಸಾಲ, ಛಾವಣಿಯ ರಿಪೇರಿ ಎಲ್ಲದಕ್ಕೂ ಅದರಲ್ಲಿ ಉತ್ತರ ಇತ್ತು. ಉಮ್ಮ ಕೇಳಿದ್ದು ಒಂದೇ ಪ್ರಶ್ನೆ: “ನಾನಿಲ್ಲದ ಮನೆಗೆ ಬಂದವರು ನನ್ನ ನೆಂಟರು ಹೇಗಾಗ್ತಾರೆ? ಅಲ್ಲಿ ಏನಾದ್ರೂ ಆದರೆ ಪೊಲೀಸರು ಬರೋದು ಯಾರ ಹತ್ತಿರ?”

ಕಾನೂನು ಕೇಳುವುದೂ ಇದನ್ನೇ. ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಉತ್ತರ ಕೊಡಬೇಕು. ಹೆಸರು ನಮ್ಮದು, ನಡೆಸುವವರು ಬೇರೆಯವರು ಎಂದರೆ ಲಾಭದ ದೊಡ್ಡ ಪಾಲು ಅವರಿಗೆ, ಹೊಣೆಯೆಲ್ಲ ನಮಗೆ. ಬೇರೆ ದೇಶಗಳೂ ಈಗ ಇದೇ ಕಡೆಗೆ ಬರುತ್ತಿವೆ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆ ಕೊಡುವವರು ನೋಂದಣಿ ಮಾಡಿಸಬೇಕು, ಅತಿಥಿಗಳ ಜೊತೆ ತಾವೂ ಆ ಮನೆಯಲ್ಲಿ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಸ್ಪೇನಿನ ಬಾರ್ಸಿಲೋನಾ ನಗರ ಪ್ರವಾಸಿಗರಿಗೆಂದೇ ಬಾಡಿಗೆಗೆ ಬಿಟ್ಟಿರುವ ಸುಮಾರು ಹತ್ತು ಸಾವಿರ ಫ್ಲ್ಯಾಟ್‌ಗಳ ಪರವಾನಗಿಯನ್ನು 2028ರ ನಂತರ ಮುಂದುವರಿಸುವುದಿಲ್ಲ ಎಂದು 2024ರಲ್ಲಿ ಪ್ರಕಟಿಸಿತು. ಊರಿನವರಿಗೇ ವಾಸಕ್ಕೆ ಮನೆ ಸಿಗುತ್ತಿಲ್ಲ ಎಂಬುದು ಅದರ ಕಾರಣ. ಮನೆಗಳನ್ನೆಲ್ಲ ಹೊರಗಿನವರಿಗೆ ಬಿಟ್ಟುಕೊಟ್ಟು ನಾವು ಪೇಟೆಯಲ್ಲಿ ಬಾಡಿಗೆಗೆ ಕುಳಿತರೆ ಬಣಕಲ್‌ಗೂ ಆ ದಿನ ದೂರವಿಲ್ಲ. ಉಪ್ಪ ಮರುದಿನ ಆ ವ್ಯಾಪಾರಿಗೆ ಫೋನ್ ಮಾಡಿ ಬೇಡ ಎಂದರು.

“ನಡೆಯುವಷ್ಟು ದಿನ ನಡೆಯಲಿ, ಆಮೇಲೆ ನೋಡೋಣ” ಎಂದು ಹೇಳುವವರಿಗೆ ನಮ್ಮ ರಾಜ್ಯದಲ್ಲೇ ಒಂದು ಪಾಠ ಇದೆ. ಹಂಪಿಯ ಎದುರು, ತುಂಗಭದ್ರೆಯ ಆಚೆ ವಿರೂಪಾಪುರ ಗಡ್ಡಿ ಇದೆ. ಅಲ್ಲಿ ವರ್ಷಗಟ್ಟಲೆ ಹೋಟೆಲು, ರೆಸಾರ್ಟುಗಳು ನಡೆದವು, ದೇಶ ವಿದೇಶದವರು ಬಂದು ಉಳಿದರು. ಆದರೆ ಆ ಜಾಗ ಸಂರಕ್ಷಿತ ಪ್ರದೇಶದಲ್ಲಿತ್ತು, ಕಟ್ಟಡಗಳಿಗೆ ಸರಿಯಾದ ಅನುಮತಿ ಇರಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2020ರ ಫೆಬ್ರವರಿ 11ರಂದು ಮಾಲೀಕರ ವಿರುದ್ಧ ತೀರ್ಪು ಬಂತು. ಮುಂದಿನ ತಿಂಗಳೇ ಅವುಗಳನ್ನು ಕೆಡವಿದರು. ಮಾಲೀಕರ ಜೊತೆ ಅಡುಗೆಯವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು ಎಲ್ಲರ ಸಂಪಾದನೆಯೂ ನಿಂತುಹೋಯಿತು. ಅನುಮತಿ ಇಲ್ಲದ ವ್ಯಾಪಾರ ಎಷ್ಟು ದೊಡ್ಡದಾಗಿ ಬೆಳೆದರೂ ಅದರ ಬುಡ ಸಡಿಲವೇ.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಿಯಮ ಪಾಲಿಸಲು ಮನಸ್ಸಿದ್ದರೂ ಆಗದವರು ನಮ್ಮಲ್ಲಿ ತುಂಬಾ ಇದ್ದಾರೆ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಪಂಚಾಯಿತಿ ದಾಖಲೆಯಲ್ಲಿ ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಅತ್ತೆಯಂದಿರ ಒಪ್ಪಿಗೆ ಎಲ್ಲ ಸೇರಿಸಿ ಉಪ್ಪನ ಹೆಸರಿಗೆ ಮಾಡಿಸಲು ಎಂಟು ತಿಂಗಳು ಹಿಡಿಯಿತು. ಅತ್ತೆಯಂದಿರಲ್ಲಿ ಒಬ್ಬರು ಮಂಗಳೂರಿನಲ್ಲಿ, ಒಬ್ಬರು ಗಲ್ಫಿನಲ್ಲಿ. ಅವರಿಗೂ ಈ ಮನೆಯಲ್ಲಿ ಹಕ್ಕಿದೆ, ಆದ್ದರಿಂದ ಅವಸರದಲ್ಲಿ ಸಹಿ ಹಾಕಿಸಿಕೊಳ್ಳುವುದು ಬೇಡ, ಕೂತು ಮಾತಾಡಿಯೇ ಮಾಡೋಣ ಎಂದು ಉಪ್ಪ ಕಾದರು. ಅಷ್ಟರಲ್ಲಿ ದಸರಾ ರಜೆಯೂ ಕ್ರಿಸ್‌ಮಸ್ ರಜೆಯೂ ದಾಟಿಹೋದವು. ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ಹೋಗುವುದನ್ನು ಅಂಗಡಿಯಲ್ಲಿ ಕುಳಿತು ನೋಡುವುದು ಸುಲಭವಾಗಿರಲಿಲ್ಲ.

ನಮ್ಮದಾದರೂ ಬಗೆಹರಿಯಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು 94ಸಿ ಅಡಿಯಲ್ಲಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುವವರು, ಜಾಗ ಅರಣ್ಯವೋ ಕಂದಾಯವೋ ಎಂದು ತೀರ್ಮಾನವಾಗದವರು, ಲೈನ್ ಮನೆಗಳಲ್ಲಿ ತಲೆಮಾರು ಕಳೆದವರು ಯಾವ ದಾಖಲೆ ಕೊಡಬೇಕು? ದಾಖಲೆ ಸುಲಭವಾಗಿ ಇರುವುದು ದೊಡ್ಡ ಎಸ್ಟೇಟಿನವರಿಗೆ, ಜಮೀನು ಕೊಂಡು ಬಂದ ಹೊರಗಿನವರಿಗೆ. ಮನೆಯ ಊಟ, ಮನೆಯವರ ಮಾತು ಕೊಡಬಲ್ಲವರು ಮಾತ್ರ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. 2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡುವುದಾಗಿ ಘೋಷಿಸಿದರು. ಒಳ್ಳೆಯದೇ. ಆದರೆ ಬ್ಯಾಂಕಿನವರು ಮೊದಲು ಕೇಳುವುದೂ ಕಾಗದವನ್ನೇ. ಆದ್ದರಿಂದ ನನ್ನ ಕೋರಿಕೆ ಎರಡು. ನಿಯಮವನ್ನು ಸಡಿಲಿಸುವುದು ಬೇಡ. ಗೀಸರ್, ಗುರುತಿನ ಚೀಟಿ, ಮಾಲೀಕರ ವಾಸ ಇವುಗಳಲ್ಲಿ ರಿಯಾಯಿತಿ ಬೇಡವೇ ಬೇಡ. ಆದರೆ ದಾಖಲೆಯ ಕೆಲಸಕ್ಕೆ ಹೋಬಳಿ ಮಟ್ಟದಲ್ಲಿ ಒಂದು ದಿನ ಕಂದಾಯ, ಪಂಚಾಯಿತಿ, ಪೊಲೀಸ್, ಪ್ರವಾಸೋದ್ಯಮ ನಾಲ್ವರೂ ಒಂದೇ ಕಡೆ ಕುಳಿತರೆ ಸಣ್ಣ ಮನೆಯವರ ಅಲೆದಾಟ ಅರ್ಧ ಕಡಿಮೆಯಾಗುತ್ತದೆ.

ಅಣ್ಣನಿಗೆ ಇನ್ನೂ ಒಂದು ಅಳುಕು ಇತ್ತು. ನಮ್ಮ ಹೆಸರು ನೋಡಿ ಬರುವವರು ಹಿಂದೆ ಸರಿದರೆ? ಇರಬಹುದು, ಅಂಥವರೂ ಇರುತ್ತಾರೆ. ಅದಕ್ಕಾಗಿ ಹೆಸರು ಮುಚ್ಚಿಟ್ಟು ‘ಗ್ರೀನ್ ವ್ಯೂ’ ಎಂದು ಬೋರ್ಡು ಹಾಕಿದರೆ ಬಂದ ಮೇಲೆ ಅವರಿಗೂ ಮುಜುಗರ, ನಮಗೂ ಮುಜುಗರ. ಮನೆಯವರ ಹೆಸರು, ನೋಂದಣಿ ಸಂಖ್ಯೆ, ಊಟಕ್ಕೆ ಏನು ಕೊಡುತ್ತೇವೆ, ಏನು ಕೊಡುವುದಿಲ್ಲ ಎಲ್ಲವನ್ನೂ ಮೊದಲೇ ಬರೆದುಬಿಡುವುದು ಒಳ್ಳೆಯದು ಎಂದು ಉಮ್ಮ ಹೇಳಿದರು. ಪತ್ತಿರಿ, ಕೋಳಿ ಸಾರು, ತರಕಾರಿ ಬೇಕೆನ್ನುವವರಿಗೆ ಬೇರೆ ಪಾತ್ರೆಯಲ್ಲಿ ನೀರುದೋಸೆ, ಚಟ್ನಿ. ಮದ್ಯ ಇಲ್ಲ. ರಾತ್ರಿ ಹತ್ತರ ಮೇಲೆ ಜೋರು ಹಾಡಿಲ್ಲ. ನೆರೆಮನೆಯ ಅಜ್ಜಿಗೆ ನಿದ್ದೆ ಬರಬೇಕಲ್ಲ.

ಅತಿಥಿಯನ್ನು ಉಪಚರಿಸುವುದು ನಮ್ಮ ಧರ್ಮದಲ್ಲೂ ಈ ನಾಡಿನ ಸಂಸ್ಕೃತಿಯಲ್ಲೂ ದೊಡ್ಡ ಕೆಲಸ. ದುಡ್ಡು ತೆಗೆದುಕೊಂಡ ಮೇಲೆ ಆ ಹೊಣೆ ಇನ್ನೂ ಹೆಚ್ಚಾಗುತ್ತದೆ. ಕಾನೂನಿನ ನೋಟವೂ ಹಳೆಯದೇ. 1867ರಲ್ಲೇ ನಮ್ಮ ದೇಶದಲ್ಲಿ ಸರಾಯಿಗಳ ಕಾಯ್ದೆ ಎಂಬುದು ಬಂದಿತ್ತು. ಸರಾಯಿ ಎಂದರೆ ದಾರಿಹೋಕರು ತಂಗುವ ಛತ್ರ. ಅದನ್ನು ನಡೆಸುವವರು ಹೆಸರು ನೋಂದಾಯಿಸಬೇಕು, ಜಾಗ ಚೊಕ್ಕಟವಾಗಿಡಬೇಕು, ಗೋಡೆ ಮಾಡು ದುರಸ್ತಿಯಲ್ಲಿರಬೇಕು, ಕಾವಲುಗಾರರನ್ನು ಇಡಬೇಕು, ದರದ ಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದು ಅದು ಹೇಳಿತ್ತು. ಕುದುರೆ ಗಾಡಿ ಹೋಗಿ ಕಾರು ಬಂದರೂ ಅಪರಿಚಿತ ಊರಿನಲ್ಲಿ ಮಲಗುವವರ ಅಗತ್ಯ ಬದಲಾಗಿಲ್ಲ.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲೂ ಈ ಯೋಚನೆ ಇದ್ದರೆ ಮೊದಲು ಬೋರ್ಡು ಬರೆಸಬೇಡಿ. ಮನೆಯ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಗೀಸರ್ ಎಲ್ಲಿದೆ ನೋಡಿ. ಧರೆ ನೋಡಿ. ಇಂಗುಗುಂಡಿ ಬಾವಿಗೆ ಎಷ್ಟು ಹತ್ತಿರ ಇದೆ ನೋಡಿ. ನಮ್ಮ ಹಳ್ಳಗಳ ನೀರು ಹೇಮಾವತಿಗೆ ಸೇರಿ ಕೆಳಗಿನ ಊರುಗಳವರ ಬಾಯಿಗೆ ಹೋಗುತ್ತದೆ. ಅರ್ಜಿ ತುಂಬಲು ಹಿರಿಯರಿಗೆ ಕಷ್ಟವಾದರೆ ನೀವೇ ತುಂಬಿ. ನಮ್ಮ ಪಠ್ಯದಲ್ಲಿ ಓದುವ ವ್ಯವಹಾರ ಅಧ್ಯಯನಕ್ಕಿಂತ ಹೆಚ್ಚು ಅದರಲ್ಲಿ ಕಲಿಯಬಹುದು.

ನಮ್ಮ ಅರ್ಜಿ ಈಗ ಇಲಾಖೆಯಲ್ಲಿದೆ, ಮನೆ ನೋಡಲು ಬರುವ ದಿನಕ್ಕೆ ಕಾಯುತ್ತಿದ್ದೇವೆ. ಅತಿಥಿಗಳ ಪುಸ್ತಕಕ್ಕೆ ಉಪ್ಪ ಅಂಗಡಿಯಿಂದ ಒಂದು ಉದ್ದನೆಯ ರಟ್ಟಿನ ನೋಟ್‌ಬುಕ್ ತಂದಿದ್ದಾರೆ. ಕಾಲಮ್‌ಗಳ ಗೆರೆ ಎಳೆದದ್ದು ನಾನು. ಮೊದಲ ಪುಟ ಇನ್ನೂ ಖಾಲಿ ಇದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ